ಸ್ಟೇಷನ್ ಮಾಸ್ತರರ ಹೊಸ ತಳಿ

ಗೊತ್ತಿರುವುದನ್ನು ಹೇಳದೆ ಇರುವುದೂ ಸುಳ್ಳು ಹೇಳಿದ ಹಾಗೆಯೇ ಏನು?

ಬೆಳಗ್ಗೆ ಹಲ್ಲುಜ್ಜುತ್ತ ವೆಂದುಲಾ ತನ್ನನ್ನು ತಾನೇ ಕೇಳಿಕೊಂಡಳು. ಕನ್ನಡಿಯೊಳಗಿನ ವೆಂದುಲಾಳ ಬಾಯಿ ತುಂಬ ನೊರೆಯಿತ್ತು. ಅವಳು ಮಹಡಿಯ ಬಚ್ಚಲಮನೆಯ ಕಿಟಕಿಯಿಂದ ಮತ್ತೊಮ್ಮೆ ಕೆಳಗೆ ನೋಡಿದಳು. ಹಿತ್ತಿಲ ಶೆಡ್ಡಿನ ಗೋಡೆಗೆ ಹಬ್ಬಿಸಿದ ಹಾಪ್ ಬಳ್ಳಿ ಅಲ್ಲಿಂದ ಮಾತ್ರ ಕಾಣುತ್ತಿತ್ತು. ಉಳಿದ ಮೂರೂ ಕಡೆ ಚಿಕ್ಕಪ್ಪ ಪರದೆ ಕಟ್ಟಿದ್ದರು. ಬಳ್ಳಿಯ ಮೈತುಂಬ ಸಡಿಲವಾದ ಸಣ್ಣ ಸಣ್ಣ ಹೂಗೊಂಚಲು ಜೋತಾಡುತ್ತಿದ್ದವು. ನಿನ್ನೆಯವರೆಗೆ ಮೊಗ್ಗಾಗಿದ್ದವು. ಇವತ್ತು ಕೆಲವು ಬಿರಿದಿದ್ದವು.

ಗಂಡು. ಅನುಮಾನವೇ ಇಲ್ಲ.

ಹಾಪ್ ಬಳ್ಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವುದು ಹೆಣ್ಣು ಬಳ್ಳಿಯ ಹೂವು. ಅದಕ್ಕೆ ಗಂಡಿನ ಪರಾಗ ತಾಗಿತೆಂದರೆ ಒಳಗೆ ಬೀಜ ಕಟ್ಟುತ್ತದೆ, ಬಿಯರ್ ಕಾಯಿಸುವವರು ಮೂಗು ಮುರಿದು ಮೂಟೆಯನ್ನು ವಾಪಸು ಕಳಿಸುತ್ತಾರೆ. ಆದ್ದರಿಂದ ಹಾಪ್‌ಗೇ ಹೆಸರಾದ ಝಾಟೆಟ್ಸ್ ಸೀಮೆಯ ತೋಟಗಳಲ್ಲಿ ಗಂಡು ಬಳ್ಳಿಗೆ ಜಾಗವಿಲ್ಲ. ಬೇಲಿಯಲ್ಲಿ, ಹೊಳೆದಂಡೆಯಲ್ಲಿ ತಾನಾಗಿ ಹುಟ್ಟಿದ್ದನ್ನೂ ಜೂನ್ ಮುಗಿಯುವುದರೊಳಗೆ ಊರವರೆಲ್ಲ ಸೇರಿ ಹುಡುಕಿ ಕಿತ್ತು ಸುಡುತ್ತಾರೆ. ಸರ್ಕಾರ ಬದಲಾಗಿದೆ, ಗಡಿ ಬದಲಾಗಿದೆ, ಈ ಕೆಲಸ ಮಾತ್ರ ಒಂದು ವರ್ಷವೂ ತಪ್ಪಿಲ್ಲ.

ಗಂಡು ಬಳ್ಳಿಗೆ ಮರ್ಯಾದೆ ಇದ್ದದ್ದು ಪೇಟೆಯಾಚೆಯ ತಳಿ ಸಂಶೋಧನಾ ಕೇಂದ್ರದಲ್ಲಿ ಮಾತ್ರ. ಕೃಷಿ ಪದವಿ ಮುಗಿಸಿದ ವೆಂದುಲಾ ಅಲ್ಲಿ ಸಹಾಯಕಿ. ಹೆಣ್ಣು ಹೂವಿಗೆ ಕಾಗದದ ಚೀಲ ತೊಡಿಸುವುದು, ಆರಿಸಿದ ಗಂಡಿನ ಪರಾಗವನ್ನು ಪುಟ್ಟ ಕುಂಚದಿಂದ ತಾಗಿಸುವುದು, ಕಟ್ಟಿದ ಬೀಜ ಬಿತ್ತುವುದು, ಹುಟ್ಟಿದ ಸಸಿಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತನ್ನು ಎಸೆಯುವುದು. ಹೀಗೆ ಹತ್ತು ಹನ್ನೆರಡು ವರ್ಷ ಎಸೆದ ಮೇಲೆ, ಅದೃಷ್ಟವಿದ್ದರೆ, ಒಂದು ಹೊಸ ತಳಿ. ಬಾಯಿ ಬಿಡದೆ ದಿನವಿಡೀ ಮಾಡಬಹುದಾದ ಕೆಲಸ. ಅದಕ್ಕೇ ಅವಳಿಗೆ ಇಷ್ಟ.

ಅವಳ ಚಿಕ್ಕಪ್ಪ ಓತಾಕರ್‌ಗೆ ಮಾತ್ರ ಹೊಸ ತಳಿ ಒಂದೇ ಮಧ್ಯಾಹ್ನದಲ್ಲಿ ಸಿಕ್ಕಿತ್ತು. ಹೋದ ವರ್ಷ ಮೀನು ಹಿಡಿಯಲು ಓಹ್ರೆ ಹೊಳೆಗೆ ಹೋದವರು, ಮೀನು ಸಿಗದ ಸಿಟ್ಟಿನಲ್ಲಿ ದಂಡೆಯ ಪೊದೆಗೆ ಒದ್ದರು. ಪೊದೆಯೊಳಗಿನ ಒಂದು ಬಳ್ಳಿ ಅವರ ಕಾಲಿಗೆ ಸುತ್ತಿಕೊಂಡಿತು. ಬಳ್ಳಿ ತಾನಾಗಿ ತಮ್ಮನ್ನು ಆರಿಸಿಕೊಂಡಿದೆ ಎಂದು ಅವರಿಗೆ ತೋರಿತು. ಬೇರು ಸಮೇತ ತಂದು ನೆಟ್ಟರು.

ಓತಾಕರ್ ನಿವೃತ್ತ ಸ್ಟೇಷನ್ ಮಾಸ್ತರರು. ಅವರ ನಿಲ್ದಾಣದಲ್ಲಿ ರೈಲು ನಿಲ್ಲುವುದು ನಿಂತ ಮೇಲೂ ಅವರು ಎರಡು ವರ್ಷ ಟೋಪಿ ಹಾಕಿಕೊಂಡು ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದರು. ಒಂದು ಗೇಣು ಹಾಪ್ ಬೆಳೆದವರಲ್ಲ. ಆದರೂ ಊರಿನ ಹಾಪ್ ಬೆಳೆಗಾರರ ಸಂಘಕ್ಕೆ ಅಧ್ಯಕ್ಷರು. ಬೇರೆ ಯಾರಿಗೂ ಆ ಕೆಲಸ ಬೇಕಿರಲಿಲ್ಲ, ಇವರ ಬಳಿ ಸಮವಸ್ತ್ರವಿತ್ತು. ಗಂಡು ಬಳ್ಳಿ ಹುಡುಕುವ ದಿನ ಅವರು ಪಡಖಾನೆಯ ಮುಂದೆ ನಿಂತು ಸೀಟಿ ಊದುತ್ತಿದ್ದರು. ಹುಡುಕುವವರು ಹುಡುಕಿ ಸುಟ್ಟು ಬಂದ ಮೇಲೆ ಇನ್ನೊಮ್ಮೆ ಊದುತ್ತಿದ್ದರು. ಹೀಗಾಗಿ ಅವರ ಕಣ್ಣಿಗೆ ಗಂಡು ಹೂವು ಬಿದ್ದದ್ದೇ ಇಲ್ಲ.

ಭಾನುವಾರದ ಊಟಕ್ಕೆ ಹಂದಿ ಮಾಂಸ, ಹುಳಿ ಕೋಸು, ಕಡುಬು ಬಡಿಸಿಕೊಂಡು ಕೂತಾಗ ವೆಂದುಲಾ ಉಸಿರು ಕಟ್ಟಿ ಶುರುಮಾಡಿದಳು.

"ಚಿಕ್ಕಪ್ಪ, ಆ ಬಳ್ಳಿ..."

"ಶ್!" ಚಿಕ್ಕಪ್ಪ ಫೋರ್ಕಿನಿಂದಲೇ ಕಿಟಕಿ ತೋರಿಸಿದರು. "ಬೇಲಿ ಆಚೆ ಬ್ಲಾಝೆನಾ ಇದ್ದಾಳೆ. ಕಿವಿ ಅಲ್ಲ ಅವಳದ್ದು, ತೂಬು."

"ಅದರ ಹೂವು..."

"ನೋಡ್ದೆ! ಎಷ್ಟೊಂದು ಗೊಂಚಲು! ಬ್ಲಾಝೆನಾ ತೋಟದಲ್ಲಿ ಒಂದು ಬಳ್ಳೀಲಾದ್ರೂ ಇಷ್ಟು ಬಿಟ್ಟಿದ್ಯಾ, ಹೇಳು? ಬೇಡ, ಹೇಳ್ಬೇಡ. ಗೋಡೆಗೂ ಕಿವಿ ಬಂದಿದೆ ಈ ಊರಲ್ಲಿ. ಸುಳಿವು ಸಿಕ್ಕಿದ್ರೆ ಒಂದು ಕಡ್ಡಿ ಮುರಕೊಂಡು ಹೋಗಿ ನಾಳೆ ತನ್ನ ಹೆಸರಿಟ್ಟು ಮಾರ್ತಾಳೆ. ನೀನೂ ನಿಮ್ಮ ಕೇಂದ್ರದ ಡಾಕ್ಟರ್ ಹತ್ರ ಬಾಯಿ ಬಿಡ್ಬೇಡ."

ವೆಂದುಲಾಗೆ ಬಾಯಿ ಬಿಡಬೇಡ ಎಂದು ಹೇಳಿದವರು ಅವಳ ಜೀವಮಾನದಲ್ಲಿ ಇವರೊಬ್ಬರೇ. ಅವಳು ಕಡುಬು ನುಂಗಿದಳು.

ಬಳ್ಳಿಗೆ ಕಟ್ಟಿದ ಪರದೆ ನಿಲ್ದಾಣದ ವಿಶ್ರಾಂತಿ ಕೊಠಡಿಯದು. ಕಡುಗೆಂಪು ಮಖಮಲ್ಲು, ಅಂಚಿಗೆ ಚಿನ್ನದ ಬಣ್ಣದ ಜಾಲರಿ. ಗುಟ್ಟು ಮುಚ್ಚಿಡಲು ಊರಿನಲ್ಲಿ ಇದಕ್ಕಿಂತ ಎದ್ದು ಕಾಣುವ ಬಟ್ಟೆ ಇರಲಿಲ್ಲ. ಬೇಲಿಯಾಚೆಯ ಬ್ಲಾಝೆನಾ ಹಾಪ್ ತೋಟದ ಒಡತಿ, ವಿಧವೆ, ದೊಡ್ಡ ಗಂಟಲಿನವಳು. ಪರದೆ ಎದ್ದ ದಿನದಿಂದ ಅವಳಿಗೆ ನಿದ್ದೆಯಿಲ್ಲ. ಹಲಗೆ ಬೇಲಿಯ ಒಂದು ತೂತಿಗೆ ಅವಳ ಕಣ್ಣು ಎಷ್ಟು ಹೊತ್ತು ಅಂಟಿರುತ್ತಿತ್ತೆಂದರೆ ಅವಳ ಹುಬ್ಬಿನ ಮೇಲೆ ಹಲಗೆಯ ಗೆರೆ ಮೂಡಿತ್ತು.

ಸಂಜೆ ವೆಂದುಲಾ ಎಂದಿನಂತೆ ಹೂಜಿ ಹಿಡಿದು ಚಿಕ್ಕಪ್ಪನ ಊಟಕ್ಕೆ ಬಿಯರ್ ತರಲು ಪಡಖಾನೆಗೆ ಹೋದಳು. ಬಾಗಿಲು ತೆರೆದದ್ದೇ ಒಳಗಿನ ಮಾತು ನಿಂತಿತು. ಪಡಖಾನೆಯ ಒಡೆಯ ಹಿನೆಕ್ ಲೋಟ ಒರೆಸುತ್ತ ಕೆಮ್ಮಿದ.

"ಏನಮ್ಮಾ ವೆಂದುಲಾ, ಚಿಕ್ಕಪ್ಪ ಆರಾಮಾ? ಹಂದಿಗಿಂದಿ ತಗೊಂಡ್ರಾ?"

"ಹಂದಿ?"

"ಅಲ್ಲ, ಸುಮ್ನೆ ಕೇಳ್ದೆ. ಪರದೆ ಹಿಂದೆ ಕೂಡಿಹಾಕಿದ್ರೆ ಪಾಪ ಅದಕ್ಕೆ ಸೆಕೆ ಆಗುತ್ತೆ ಅಂತ."

"ಹಂದೀನಂತೆ ಹಂದಿ!" ಮೂಲೆಯ ಮೇಜಿನಿಂದ ಬ್ಲಾಝೆನಾ ಎದ್ದಳು. "ಹಂದಿ ಆಗಿದ್ರೆ ನನ್ನ ಮೂಗಿಗೆ ಗೊತ್ತಾಗ್ತಿರ್ಲಿಲ್ವಾ? ನಾನು ಹೇಳ್ತೀನಿ ಕೇಳು, ಗಾಂಜಾ! ಹಾಪಿನ ಹತ್ರದ ಸಂಬಂಧೀನೇ ಅದು. ದಿನಾ ಬೆಳಗ್ಗೆ ನೀರು ಹಾಕಿ, ಅದರ ಮುಂದೆ ನಿಂತು ಸೆಲ್ಯೂಟ್ ಹೊಡೀತಾರೆ ನಿಮ್ಮ ಚಿಕ್ಕಪ್ಪ. ಬುದ್ಧಿ ಸ್ತಿಮಿತದಲ್ಲಿರೋನು ಗಿಡಕ್ಕೆ ಸೆಲ್ಯೂಟ್ ಹೊಡೀತಾನಾ? ನೀನೇ ಹೇಳು. ಏನದು ಪರದೆ ಹಿಂದೆ?"

ಪಡಖಾನೆಯೆಲ್ಲ ವೆಂದುಲಾಳನ್ನೇ ನೋಡಿತು. ಹೇಳಲು ಇದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಅವಳು ಬಾಯಿ ತೆರೆದಳು.

"ನೊರೆ... ನೊರೆ ಸ್ವಲ್ಪ ಕಡಿಮೆ ಹಾಕಿ," ಎಂದಳು.

ಅವಳು ಹೊರಗೆ ಬಂದ ಮೇಲೆ ಬ್ಲಾಝೆನಾಳ ಮಾತು ಬಾಗಿಲು ದಾಟಿ ಹಿಂಬಾಲಿಸಿತು: "ನೋಡಿದ್ರಾ? ಮಾತು ತಿರುಗಿಸ್ತಾಳೆ. ಇಂಥ ಸುಮ್ಮನಿರೋರನ್ನ ನಾನು ನಂಬಲ್ಲಪ್ಪ."

ಮಾರನೆಯ ದಿನ ಮಧ್ಯಾಹ್ನ ಚಿಕ್ಕಪ್ಪ ಗೊರಕೆ ಹೊಡೆಯುವುದನ್ನು ಖಾತ್ರಿ ಮಾಡಿಕೊಂಡು ವೆಂದುಲಾ ಕತ್ತರಿ ಹಿಡಿದು ಪರದೆಯ ಹಿಂದೆ ನುಗ್ಗಿದಳು. ಹೇಳಲಾಗದ್ದನ್ನು ಕತ್ತರಿಸಿಯಾದರೂ ಮುಗಿಸೋಣ ಎಂಬ ಯೋಚನೆ. ನಾಲ್ಕು ಗೊಂಚಲು ಕತ್ತರಿಸಿ ಏಪ್ರನ್ನಿನ ಜೇಬಿಗೆ ಹಾಕಿದ್ದಳು, ಬೇಲಿಯಾಚೆಯಿಂದ ಕೂಗು ಕೇಳಿಸಿತು.

"ಕಾಲು! ಪರದೆ ಕೆಳಗೆ ಕಾಲು! ಹೆಂಗಸಿನ ಕಾಲು!"

ಗೊರಕೆ ನಿಂತಿತು. ವೆಂದುಲಾ ಶೆಡ್ಡಿನ ಹಿಂದಿನಿಂದ ಓಡಿ ಅಡುಗೆಮನೆ ಸೇರಿದಳು. ಚಿಕ್ಕಪ್ಪ ಬನಿಯನ್ನಿನ ಮೇಲೆ ಟೋಪಿ ಹಾಕಿಕೊಂಡು ಹಿತ್ತಿಲಿಗೆ ಬಂದು ಗೊಂಚಲು ಎಣಿಸಿದರು. ನಾಲ್ಕು ಕಡಿಮೆ.

"ಕಳ್ಳತನ!" ಅವರು ಬೇಲಿಯತ್ತ ತಿರುಗಿದರು. "ಬ್ಲಾಝೆನಮ್ಮನವರೇ, ಕಾಲು ಯಾರದ್ದು?"

"ನಿಮ್ಮ ಹಿತ್ತಿಲಲ್ಲಿ ಯಾವ ಹೆಂಗಸು ಓಡಾಡ್ತಾಳೆ ಅಂತ ನನ್ನ ಕೇಳ್ತೀರಲ್ಲ ಮಾಸ್ತರೇ, ನಾಚಿಕೆ ಆಗಲ್ವಾ?"

"ನಿಮಗೆ ಕಾಲು ಕಾಣಿಸ್ತು ಅಂದ್ರೆ ನೀವು ನನ್ನ ಹಿತ್ತಿಲು ನೋಡ್ತಿದ್ರಿ!"

"ನಾನು ಬೇಲಿ ನೋಡ್ತಿದ್ದೆ! ತೂತು ಬೇಲೀದು!"

ಅಂದಿನಿಂದ ಚಿಕ್ಕಪ್ಪ ಮಧ್ಯಾಹ್ನ ಪರದೆಯ ಮುಂದೆಯೇ ಕುರ್ಚಿ ಹಾಕಿಕೊಂಡು ಮಲಗತೊಡಗಿದರು.

ವಾರ ಕಳೆಯುವುದರೊಳಗೆ ತಳಿ ಕೇಂದ್ರದ ಡಾಕ್ಟರ್ ಶೆಬೆಸ್ತಾ ಊರಿಗೆ ಬಂದರು. ವೆಂದುಲಾಳ ಮೇಲಧಿಕಾರಿ. ಎಲ್ಲದರ ಮೇಲೂ ಅನುಮಾನ ಪಡುವುದು ಅವರ ವೃತ್ತಿಧರ್ಮ. ತಮ್ಮ ಕೈಗಡಿಯಾರ ನೋಡಿದ ಮೇಲೆ ಗೋಡೆಯ ಗಡಿಯಾರವನ್ನೂ ನೋಡುವವರು. ಪ್ರತಿ ಬೇಸಿಗೆಯಲ್ಲಿ ತೋಟದ ಕಂಬಗಳಿಗೆ ಜಿಡ್ಡು ಸವರಿದ ಗಾಜಿನ ಚೂರು ಕಟ್ಟಿಸಿ, ಅದಕ್ಕೆ ಅಂಟಿದ್ದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. ಪಡಖಾನೆಯಲ್ಲಿ ಸಂಘದ ತುರ್ತು ಸಭೆ ಸೇರಿತು.

"ಗಂಡಿನ ಪರಾಗ," ಎಂದರು ಡಾಕ್ಟರು. "ಈ ಊರಲ್ಲಿ ಎಲ್ಲೋ ಒಂದು ಗಂಡು ಬಳ್ಳಿ ಅರಳಿ ನಿಂತಿದೆ."

ಯಾರ ಮನೆಯಲ್ಲೋ ಸಾವಾದಂತೆ ಎಲ್ಲರೂ ಟೋಪಿ ತೆಗೆದರು.

"ಯಾರ ಗಾಜಿಗೆ ಹೆಚ್ಚು ಅಂಟಿದೆ?" ಹಿನೆಕ್ ಕೇಳಿದ.

"ಬ್ಲಾಝೆನಾ ಅವರದ್ದು. ಈಗಲೇ ಕಿತ್ತರೆ ಬೆಳೆ ಬಹುಪಾಲು ಉಳಿಯುತ್ತೆ. ಆದರೆ ಯಾರಾದರೂ ಬೇಕೆಂದೇ ಸಾಕಿದ್ದಾರೆ ಅಂತ ಗೊತ್ತಾದರೆ ಅವರ ಮೂಟೆಗೆ ಈ ವರ್ಷ ನಮ್ಮ ಮುದ್ರೆ ಬೀಳಲ್ಲ."

ಮುದ್ರೆಯಿಲ್ಲದ ಝಾಟೆಟ್ಸ್ ಹಾಪನ್ನು ಯಾವ ಬಿಯರಿನವನೂ ಕೈಯಲ್ಲಿ ಮುಟ್ಟುವುದಿಲ್ಲ. ವರ್ಷದ ದುಡಿಮೆಯೆಲ್ಲ ದನದ ಕಾಲಡಿಯ ಹಾಸಾಗುತ್ತದೆ. ಬ್ಲಾಝೆನಾಳ ಮುಖ ಬಿಳಿಚಿತು. ಅವಳ ಗಂಟಲು ಆ ವರ್ಷ ಮೊದಲ ಸಲ ಸಣ್ಣದಾಯಿತು. "ನನ್ನ ಅತ್ತೆ ಕಾಲದಿಂದ ಒಂದು ಗಂಡು ಬಳ್ಳಿ ಕಾಲಿಟ್ಟಿಲ್ಲ ನನ್ನ ತೋಟದಲ್ಲಿ..."

ಓತಾಕರ್ ಎದ್ದು ನಿಂತರು. "ಸಂಘದ ಅಧ್ಯಕ್ಷನಾಗಿ ಹೇಳ್ತೀನಿ. ಹೊಗೆ ಎಲ್ಲಿ ದಟ್ಟವೋ ಎಂಜಿನ್ ಅಲ್ಲೇ ಇರ್ಬೇಕು. ಬ್ಲಾಝೆನಮ್ಮ, ತಪ್ಪು ಒಪ್ಕೊಳ್ಳಿ."

"ನಾನ್ಯಾಕೆ ಒಪ್ಪಲಿ? ನಿಮ್ಮ ಹುಡುಗಿ ದಿನಾ ಆ ಕೇಂದ್ರದಿಂದ ಬರ್ತಾಳಲ್ಲ, ಅಲ್ಲಿ ಗಂಡು ಬಳ್ಳಿ ಮಧ್ಯೆ ಕೆಲಸ ಮಾಡಿ! ಅವಳ ಅಂಗೀಲಿ ಬಂದಿರ್ಬೇಕು!"

ಪಕ್ಕದಲ್ಲಿ ಕೂತಿದ್ದವರು ತಮ್ಮ ಬಿಯರ್ ಲೋಟಗಳನ್ನು ವೆಂದುಲಾಳಿಂದ ದೂರ ಸರಿಸಿಕೊಂಡರು. ಡಾಕ್ಟರ್ ಶೆಬೆಸ್ತಾ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಬಟ್ಟೆ ಬದಲಾಯಿಸಿಯೇ ಬರ್ತೀಯಲ್ಲ?"

ಅವಳು ತಲೆಯಾಡಿಸಿದಳು. ತಲೆಯಾಡಿಸಿದ್ದು ಹೌದೋ ಅಲ್ಲವೋ ಎಂಬ ಬಗ್ಗೆ ಎರಡು ಮೇಜುಗಳ ನಡುವೆ ಜಗಳ ಹತ್ತಿತು. ಕೊನೆಗೆ ಅವಳ ಕೋಟನ್ನು ಇಕ್ಕಳದಲ್ಲಿ ಎತ್ತಿ ಹೊರಗಿನ ಮೊಳೆಗೆ ತೂಗುಹಾಕಿ ಬಂದರು.

"ಮನೆಮನೆ ತಪಾಸಣೆ!" ಓತಾಕರ್ ಸೀಟಿ ಊದಿದರು. ಮುಚ್ಚಿದ ಕೋಣೆಯಲ್ಲಿ ಅದು ಎಲ್ಲರ ಕಿವಿ ಸೀಳಿತು. "ಶುರು ಇಲ್ಲಿಂದಲೇ. ಹಿನೆಕ್, ನಿನ್ನ ಹಿತ್ತಿಲ ಚಪ್ಪರದ ಮೇಲಿನ ಬಳ್ಳಿ ಯಾವುದು?"

"ದ್ರಾಕ್ಷಿ ಸ್ವಾಮಿ, ಬರೀ ದ್ರಾಕ್ಷಿ! ಅಲ್ಲಿಗೆ ಹೋಗೋದು ಬೇಡ, ಜಾರುತ್ತೆ!"

ಬೇಡ ಎಂದದ್ದೇ ಎಲ್ಲರೂ ಹೋದರು. ಚಪ್ಪರದ ಮೇಲೆ ದ್ರಾಕ್ಷಿಯೇ ಇತ್ತು. ಆದರೆ ಕೆಳಗೆ, ಗೋಣಿ ಹೊದಿಸಿದ ಕಡೆ, ಪೀಪಾಯಿಗಳಿದ್ದವು. ಒಬ್ಬ ಗೋಣಿ ಎತ್ತಿದ. ಪೀಪಾಯಿಯ ಮೇಲೆ ಜರ್ಮನ್ ಅಕ್ಷರ.

ಎಲ್ಲರೂ ಸರದಿಯಲ್ಲಿ ಬಗ್ಗಿ ಅದನ್ನು ಓದಿದರು.

"ಗಡಿಯಾಚೆ ಬವೇರಿಯಾದ್ದು," ಎಂದ ಒಬ್ಬ ಮುದುಕ ಕೊನೆಗೆ. "ಅಯ್ಯೋ ಪಾಪಿ. ನಮಗೆ ಬವೇರಿಯಾದ ಬಿಯರ್ ಕುಡಿಸಿದ್ಯಾ?"

"ಅಗ್ಗಕ್ಕೆ ಸಿಗುತ್ತೆ ಅಂತ... ನೀವೂ ಚೆನ್ನಾಗಿದೆ ಅಂದ್ರಿ! ಹೋದ ಶನಿವಾರ ನೀವೇ ಅಂದ್ರಿ, ನಮ್ಮ ಹಾಪಿನ ಘಮವೇ ಬೇರೆ ಅಂತ!"

ಮುದುಕ ಗೋಡೆಗೆ ಒರಗಿ ಕುಳಿತುಬಿಟ್ಟ. ಗಂಡು ಬಳ್ಳಿಯ ವಿಷಯ ಅಲ್ಲಿಗೇ ಮರೆತುಹೋಗುತ್ತಿತ್ತು. ಆದರೆ ಸಿಕ್ಕಿಬಿದ್ದ ಹಿನೆಕ್‌ಗೆ ತಾನೊಬ್ಬನೇ ಸಿಕ್ಕಿಬೀಳುವುದು ಬೇಡವಾಗಿತ್ತು. "ನನ್ನದಾಯ್ತಲ್ಲ? ಈಗ ಬ್ಲಾಝೆನಾ ಮನೆ!" ಎಂದು ತಾನೇ ಮುಂದೆ ನಡೆದ.

ಬ್ಲಾಝೆನಾಳ ತೋಟ ಕನ್ನಡಿಯಂತಿತ್ತು. ಒಂದು ಗಂಡು ಬಳ್ಳಿಯಿಲ್ಲ, ಒಂದು ಕಳೆಯಿಲ್ಲ. ಓತಾಕರ್‌ಗೆ ಸಮಾಧಾನವಾಗಲಿಲ್ಲ. ಅಟ್ಟ ನೋಡಬೇಕೆಂದರು. ಅಟ್ಟದಲ್ಲಿ ಯಾರೂ ಬಳ್ಳಿ ಬೆಳೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಕ್ಕೆ, "ಅದಕ್ಕೇ ಅಲ್ಲೇ ಬಚ್ಚಿಡೋದು," ಎಂದರು. ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಒಂದು ಹಾಪ್ ಹೂವಿನ ದಂಡೆ. ಕೊಯ್ಲಿನ ಹಬ್ಬದಲ್ಲಿ ಪ್ರತಿ ವರ್ಷ ಬ್ಲಾಝೆನಾಗೆ ಮೊದಲ ಬಹುಮಾನ ತಂದುಕೊಡುತ್ತಿದ್ದ ದಂಡೆ. ಡಾಕ್ಟರು ಅದರ ಒಂದು ಹೂವನ್ನು ಅಂಗೈಯಲ್ಲಿ ಉಜ್ಜಿ ಮೂಸಿದರು. ಮತ್ತೆ ಉಜ್ಜಿದರು. ಬಟ್ಟೆಗೆ ಒರೆಸಿಕೊಂಡರು.

"ಪ್ಲಾಸ್ಟಿಕ್," ಎಂದರು.

ಬ್ಲಾಝೆನಾ ಸೆರಗಿಲ್ಲದ ಕಾರಣ ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು. "ನಿಜವಾದ್ದು ಉದುರುತ್ತೆ... ವರ್ಷಾ ವರ್ಷಾ ಯಾರು ಕಟ್ತಾರೆ..." ಎಂದವಳು ಥಟ್ಟನೆ ಏಪ್ರನ್ ಕೆಳಗೆ ಬಿಟ್ಟಳು. ಕಣ್ಣಿನಲ್ಲಿ ನೀರಿನ ಬದಲು ಬೆಂಕಿ. "ನನ್ನ ಅಟ್ಟ ಹತ್ತಿದ್ರಲ್ಲ ಮಾಸ್ತರೇ? ಈಗ ನಿಮ್ಮ ಪರದೆ ಎತ್ತಿ!"

"ಪರದೆ! ಪರದೆ!" ಎಂದಿತು ಊರು.

ವೆಂದುಲಾ ಗುಂಪಿನ ಹಿಂದೆ ಮನೆಯ ಕಡೆ ನಡೆಯುವಾಗ ಚಿಕ್ಕಪ್ಪ ಹೆದರಿ ತಡೆಯುತ್ತಾರೆ, ಏನಾದರೂ ನೆಪ ಹೇಳುತ್ತಾರೆ ಎಂದುಕೊಂಡಿದ್ದಳು. ಓತಾಕರ್ ಅರಳಿ ನಿಂತಿದ್ದರು. ಕೊಯ್ಲಿನ ಹಬ್ಬಕ್ಕೆಂದು ಕಾದಿಟ್ಟಿದ್ದ ಘಳಿಗೆ ತಾನಾಗಿ ಬಂದಿದೆ, ಊರೆಲ್ಲ ಸೇರಿದೆ, ಡಾಕ್ಟರೂ ಇದ್ದಾರೆ. ಒಳಗೆ ಹೋಗಿ ಕಪ್ಪು ಕೋಟು ತೊಟ್ಟು, ಹಸಿರು ಬಾವುಟ ಹಿಡಿದು ಬಂದರು.

"ಮಹನೀಯರೇ, ಮಹಿಳೆಯರೇ. ಈ ದಿನ ನಮ್ಮ ಊರಿಗೆ ಒಂದು ಹೊಸ ತಳಿ ಬಂದು ತಲುಪಿದೆ. ಸರಿಯಾದ ವೇಳೆಗೆ."

ಸೀಟಿ ಊದಿದರು, ಬಾವುಟ ಬೀಸಿದರು, ಹಗ್ಗ ಎಳೆದರು. ಮಖಮಲ್ಲಿನ ಪರದೆ ಒಂದೇ ಏಟಿಗೆ ಕಳಚಿ ಬಿತ್ತು. ಬಿದ್ದ ರಭಸಕ್ಕೆ ಬಳ್ಳಿ ತುಂಬ ಅರಳಿದ್ದ ಗೊಂಚಲುಗಳೆಲ್ಲ ಒಮ್ಮೆಲೇ ನಡುಗಿ ಹಳದಿ ಪರಾಗದ ಮೋಡವೊಂದು ಎದ್ದಿತು. ಅದು ನಿಧಾನವಾಗಿ ಓತಾಕರ್‌ರ ಟೋಪಿ, ಭುಜ, ಮೀಸೆಯ ಮೇಲೆ ಇಳಿಯಿತು. ಬಳ್ಳಿಯ ಬುಡದಲ್ಲಿ ಚೆಂದದ ಅಕ್ಷರಗಳಲ್ಲಿ ಬರೆದ ಒಂದು ಪುಟ್ಟ ಫಲಕವಿತ್ತು, ನಿಲ್ದಾಣದ ಹೆಸರು ಬರೆಯುವ ಹಾಗೆ ನೀಲಿಯ ಮೇಲೆ ಬಿಳಿ: "ವೆಂದುಲಾ".

ಯಾರೂ ಉಸಿರಾಡಲಿಲ್ಲ. ಓತಾಕರ್ ಅದನ್ನು ಮೆಚ್ಚುಗೆಯೆಂದು ತಿಳಿದು ಕಣ್ಣೊರೆಸಿಕೊಂಡರು. "ನಮ್ಮ ಹುಡುಗಿ ಹೆಸರು," ಎಂದರು ಗದ್ಗದವಾಗಿ. "ಮಾತು ಕಡಿಮೆ, ಹೂವು ಹೆಚ್ಚು."

"ಗಂಡು!" ಬ್ಲಾಝೆನಾ ಕಿರುಚಿದಳು. "ಅಯ್ಯೋ ದೇವರೇ, ಆನೆಯಷ್ಟು ದೊಡ್ಡ ಗಂಡು ಬಳ್ಳಿ! ನನ್ನ ಬೇಲಿ ಪಕ್ಕದಲ್ಲೇ!"

ಓತಾಕರ್ ಬಳ್ಳಿಯನ್ನು ನೋಡಿದರು, ಡಾಕ್ಟರನ್ನು ನೋಡಿದರು. ಡಾಕ್ಟರು ತಲೆಯಾಡಿಸಿದರು, ಆ ತಲೆಯಾಡಿಕೆಯ ಬಗ್ಗೆ ಯಾರಿಗೂ ಜಗಳವಿರಲಿಲ್ಲ. ಅಧ್ಯಕ್ಷರು ಬಾವುಟ ಸುತ್ತಿಟ್ಟರು. ಆಮೇಲೆ ಅವರಿಗೆ ದಾರಿಯೊಂದು ಹೊಳೆಯಿತು, ಮುಖ ಕೆಂಪಾಯಿತು.

"ಬದಲಾಯಿಸಿದ್ದಾಳೆ!"

"ಯಾರು?"

"ಇವಳೇ, ಬ್ಲಾಝೆನಾ! ನಾನು ತಂದದ್ದು ಅಪ್ಪಟ ಹೆಣ್ಣು ಬಳ್ಳಿ. ಹೊಟ್ಟೆಕಿಚ್ಚು ತಾಳಲಾರದೆ ಅದನ್ನ ಕಿತ್ಕೊಂಡು ಹೋಗಿ ಗಂಡು ನೆಟ್ಟಿದ್ದಾಳೆ! ಪರದೆ ಕೆಳಗೆ ಹೆಂಗಸಿನ ಕಾಲು ಇತ್ತು ಅಂತ ಅವತ್ತು ಯಾರು ಕೂಗಿದ್ದು? ತನ್ನ ಕಾಲು ತಾನೇ ನೋಡಿ ಕೂಗಿದ್ಲು, ನಮ್ಮ ಅನುಮಾನ ತಪ್ಪಿಸೋಕೆ!"

ಇದಕ್ಕಿಂತ ಹುಚ್ಚು ಮಾತನ್ನು ಆ ಊರು ಕೇಳಿರಲಿಲ್ಲ. ಆದರೆ ಬವೇರಿಯಾದ ಬಿಯರ್ ಕುಡಿದು, ಪ್ಲಾಸ್ಟಿಕ್ ದಂಡೆಗೆ ಚಪ್ಪಾಳೆ ಹೊಡೆದ ಜನಕ್ಕೆ ಅಂದು ಏನನ್ನಾದರೂ ನಂಬುವ ಸ್ಥಿತಿ ಬಂದಿತ್ತು.

"ಹೌದಲ್ಲ," ಎಂದ ಹಿನೆಕ್ ಯೋಚಿಸುತ್ತ. "ದಂಡೆ ಬದಲಾಯಿಸಿದವಳು ಬಳ್ಳಿ ಬದಲಾಯಿಸಲ್ವಾ?"

"ಕಾಲಿನ ವಿಷಯ ನಾನೂ ಕೇಳಿದ್ದೆ," ಎಂದ ಮುದುಕ.

"ನನ್ನ ತೋಟಕ್ಕೆ ನಾನೇ ಪರಾಗ ಹಾಕ್ಕೊಳ್ತೀನೇನ್ರೋ?" ಬ್ಲಾಝೆನಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರೂ ನೆಲ ನೋಡುತ್ತಿದ್ದರು. "ಡಾಕ್ಟರೇ, ನೀವಾದ್ರೂ ಹೇಳಿ. ಮುದ್ರೆ ಇಲ್ದೆ ಹೋದ್ರೆ ನಾನು ತೋಟ ಮಾರ್ಬೇಕಾಗುತ್ತೆ."

ಡಾಕ್ಟರ್ ಶೆಬೆಸ್ತಾ ಜೇಬಿನಿಂದ ಪೆನ್ನು ತೆಗೆದರು. "ಬಳ್ಳಿ ಹೇಗೆ ಬಂತು ಅಂತ ತಿಳಿಯುವವರೆಗೆ ನಾನು ಮುದ್ರೆ ತಡೆಹಿಡಿಯಲೇಬೇಕು. ಬ್ಲಾಝೆನಾ ಅವರ ಹೆಸರಿನ ಮುಂದೆ..."

ಓತಾಕರ್ ಮೀಸೆಯ ಮೇಲಿನ ಹಳದಿ ಪುಡಿ ಕೊಡವಿಕೊಂಡು ಸೀನಿದರು. ಪರಾಗ ಮತ್ತೊಂದು ಸುತ್ತು ಹಾರಿ ಬೇಲಿ ದಾಟಿ ಬ್ಲಾಝೆನಾಳ ತೋಟದ ಕಡೆ ಹೊರಟಿತು. ಪೆನ್ನಿನ ತುದಿ ಕಾಗದಕ್ಕೆ ತಾಗುವುದರಲ್ಲಿತ್ತು.

ಗುಂಪಿನ ಹಿಂದಿನಿಂದ ಯಾರೋ ಎಲ್ಲರನ್ನೂ ತಳ್ಳಿಕೊಂಡು ಬಂದರು. ಮುಂದೆ ಬಂದು ನಿಂತ ಮೇಲೇ ಅದು ವೆಂದುಲಾ ಎಂದು ಊರಿಗೆ ಗೊತ್ತಾದದ್ದು. ಅವಳು ತಳ್ಳುವುದನ್ನು ಯಾರೂ ಕಂಡಿರಲಿಲ್ಲ. ಅವಳ ಕಿವಿ ಕೆಂಪಾಗಿದ್ದವು. ಚಿಕ್ಕಪ್ಪನ ಮುಖವನ್ನೇ ನೋಡುತ್ತ ನಿಂತಳು.

"ಹೇಳು ಮಗೂ," ಎಂದರು ಓತಾಕರ್ ಆಸೆಯಿಂದ. "ನೀನು ಓದಿದವಳು. ಹೇಳು ಇವರಿಗೆ, ಬಳ್ಳಿ ಬದಲಾಗಿದೆ ಅಂತ."

"ಯಾರೂ ಬದಲಾಯಿಸಿಲ್ಲ ಚಿಕ್ಕಪ್ಪ," ಎಂದಳು ವೆಂದುಲಾ, ಬೇಲಿಯಾಚೆಗೂ ಕೇಳುವ ಹಾಗೆ. "ನೀವು ಹೊಳೆಯಿಂದ ತಂದದ್ದೇ ಗಂಡು."